ಮಿಶ್ರ ನೆಟ್‌ವರ್ಕಿನ ಅನಿಮೇಷನ್ ಸ್ಟುಡಿಯೋದಲ್ಲಿ ಫೈಲ್ ಸರ್ವರ್ ತೊಂದರೆ ಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಈ ಕೈಪಿಡಿಯನ್ನು ಇಪ್ಪತ್ತು-ಮೂವತ್ತು ಯಂತ್ರಗಳಿರುವ ಸ್ಟುಡಿಯೋವೊಂದನ್ನು ಎದುರಿಗಿಟ್ಟುಕೊಂಡು ಬರೆಯಲಾಗಿದೆ. ಅಲ್ಲಿ ಹಿನ್ನೆಲೆ ಚಿತ್ರ ಬರೆಯುವವರೂ ಅನಿಮೇಟರುಗಳೂ ವಿಂಡೋಸ್ ಬಳಸುತ್ತಾರೆ, ಎಡಿಟಿಂಗ್ ಮೇಜಿನ ಮೇಲೆ ಮ್ಯಾಕ್ ಇದೆ, ದೃಶ್ಯಗಳ ಅಂತಿಮ ಚೌಕಟ್ಟುಗಳನ್ನು ತಯಾರಿಸುವ ರೆಂಡರ್ ಯಂತ್ರಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಇವೆಲ್ಲಕ್ಕೂ ಒಂದೇ ಪ್ರಾಜೆಕ್ಟ್ ಫೋಲ್ಡರನ್ನು ಒಂದು ಲಿನಕ್ಸ್ ಸರ್ವರ್ ಹಂಚುತ್ತದೆ: ವಿಂಡೋಸ್ ಹಾಗೂ ಮ್ಯಾಕ್‌ಗಳಿಗೆ ಸಾಂಬಾ ತಂತ್ರಾಂಶದ ಮೂಲಕ ಎಸ್‌ಎಂಬಿ ಎಂಬ ಫೈಲ್ ಹಂಚಿಕೆಯ ವಿಧಾನದಲ್ಲಿ, ರೆಂಡರ್ ಯಂತ್ರಗಳಿಗೆ ಎನ್‌ಎಫ್‌ಎಸ್ ಎಂಬ ಇನ್ನೊಂದು ವಿಧಾನದಲ್ಲಿ. ಇಂಥ ಜೋಡಣೆಯಲ್ಲಿ ‘ಸರ್ವರ್ ಕೆಟ್ಟಿದೆ’ ಎಂಬ ದೂರು ಬಂದಾಗಲೆಲ್ಲ ಸರ್ವರ್ ಕೆಟ್ಟಿರುವುದಿಲ್ಲ. ಫೈಲಿನ ಹೆಸರು, ಬಳಕೆದಾರರ ಗುರುತು, ಫೋಲ್ಡರಿನ ದಾರಿ ಈ ಮೂರನ್ನೂ ಮೂರು ವ್ಯವಸ್ಥೆಗಳು ತಮ್ಮ ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಳ್ಳುವುದರಿಂದ ಹುಟ್ಟುವ ತಕರಾರುಗಳೇ ಹೆಚ್ಚು.

## ಏನನ್ನೂ ಮುಟ್ಟುವ ಮೊದಲು

ದೂರು ಬಂದ ಕೂಡಲೇ ಸರ್ವರನ್ನು ರೀಸ್ಟಾರ್ಟ್ ಮಾಡುವ ಚಪಲವನ್ನು ಹತ್ತಿಕ್ಕಿಕೊಳ್ಳಬೇಕು. ಒಬ್ಬರ ತೊಂದರೆಯನ್ನು ಸರಿಪಡಿಸಲು ಹೋಗಿ ಉಳಿದವರೆಲ್ಲರ ಉಳಿಸದ ಕೆಲಸವನ್ನು ಕಳೆಯುವುದರ ಜೊತೆಗೆ, ಕಾರಣ ತಿಳಿಸಬಹುದಾಗಿದ್ದ ಕುರುಹುಗಳೂ ಅಳಿಸಿಹೋಗುತ್ತವೆ. ಅದಕ್ಕೆ ಬದಲಾಗಿ ಎದ್ದು ಹೋಗಿ, ತೊಂದರೆ ಒಬ್ಬರಿಗೋ, ಒಂದೇ ಬಗೆಯ ಯಂತ್ರಗಳಿಗೋ, ಅಥವಾ ಎಲ್ಲರಿಗೋ ಎಂಬುದನ್ನು ನೋಡಿಕೊಂಡು ಬನ್ನಿ. ಒಬ್ಬರಿಗೆ ಮಾತ್ರವಾದರೆ ಆ ಯಂತ್ರ, ಅದರ ಕೇಬಲ್ ಅಥವಾ ಆ ವ್ಯಕ್ತಿಯ ಖಾತೆಯನ್ನು ಶಂಕಿಸಬೇಕು. ವಿಂಡೋಸ್‌ನವರಿಗೆಲ್ಲ ಇದ್ದು ರೆಂಡರ್ ಯಂತ್ರಗಳು ಚೆನ್ನಾಗಿ ಓಡುತ್ತಿದ್ದರೆ ಸಾಂಬಾ ಕಡೆ ನೋಡಬೇಕು, ಡಿಸ್ಕಿನ ಕಡೆಯಲ್ಲ. ಎಲ್ಲರಿಗೂ ಒಟ್ಟಿಗೇ ಆಗಿದ್ದರೆ ಮಾತ್ರ ಸ್ವಿಚ್, ಸರ್ವರ್, ಡಿಸ್ಕ್‌ಗಳ ಸರದಿ. ದೋಷದ ಸಂದೇಶವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ‘ಏನೋ ಎರರ್ ಬಂತು, ಓಕೆ ಒತ್ತಿದೆ’ ಎಂಬ ವಿವರಣೆಯಿಂದ ಯಾರಿಗೂ ಉಪಯೋಗವಿಲ್ಲ.

## ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರ್ ಕಾಣಿಸುತ್ತಿಲ್ಲ

ಪಟ್ಟಿಯಲ್ಲಿ ಕಾಣದಿರುವುದಕ್ಕೂ ಸರ್ವರ್ ತಲುಪದಿರುವುದಕ್ಕೂ ವ್ಯತ್ಯಾಸವಿದೆ. ವಿಂಡೋಸ್‌ನಲ್ಲಿ ಫೋಲ್ಡರ್ ಕಿಟಕಿಯ ಮೇಲ್ಭಾಗದಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಎರಡು ಹಿಂಬಾರೆ ಗೆರೆಗಳ (\\) ನಂತರ ಸರ್ವರಿನ ಐಪಿ ಸಂಖ್ಯೆಯನ್ನು, ಉದಾಹರಣೆಗೆ 192.168.1.10 ಎಂದು, ನೇರವಾಗಿ ಟೈಪ್ ಮಾಡಿ. ಮ್ಯಾಕ್‌ನಲ್ಲಾದರೆ ಫೈಂಡರಿನ ‘ಗೋ’ ಮೆನುವಿನಲ್ಲಿರುವ ‘ಕನೆಕ್ಟ್ ಟು ಸರ್ವರ್’ ಬಳಸಿ.

ಹಾಗೆ ತೆರೆದುಕೊಂಡರೆ ಹಂಚಿಕೆ ಸರಿಯಾಗಿಯೇ ಇದೆ, ಕೆಟ್ಟಿರುವುದು ಹುಡುಕಾಟ ಮಾತ್ರ. ಹಳೆಯ ವಿಂಡೋಸ್‌ಗಳು ಎಸ್‌ಎಂಬಿಯ ಮೊದಲನೆಯ ಆವೃತ್ತಿಯ ನೆರವಿನಿಂದ ಅಕ್ಕಪಕ್ಕದ ಯಂತ್ರಗಳ ಪಟ್ಟಿ ಮಾಡುತ್ತಿದ್ದವು. 2017ರ ಕೊನೆಯಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಆ ಆವೃತ್ತಿ ಬರುವುದಿಲ್ಲ, ಅಥವಾ ಬಳಸದಿದ್ದರೆ ತಾನಾಗಿ ತೆಗೆದುಹೋಗುತ್ತದೆ. ಆದ್ದರಿಂದ ಸರ್ವರಿನಲ್ಲಿ ‘ಡಬ್ಲ್ಯುಎಸ್‌ಡಿಡಿ’ ಎಂಬ ಪುಟ್ಟ ಸೇವೆಯನ್ನು ಹಾಕಿದರೆ ವಿಂಡೋಸ್‌ಗೆ, ‘ಅವಾಹಿ’ಯನ್ನು ಹಾಕಿದರೆ ಮ್ಯಾಕ್‌ಗೆ ಸರ್ವರ್ ತಾನಾಗಿ ಕಾಣಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಕಾಣಲೆಂದು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮತ್ತೆ ಆನ್ ಮಾಡುವ ಸಲಹೆ ಇಂದಿಗೂ ಅಲ್ಲಲ್ಲಿ ಸಿಗುತ್ತದೆ, ಅದನ್ನು ಪಾಲಿಸಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಆ ಬಾಗಿಲಿನಿಂದಲೇ.

ಐಪಿ ಸಂಖ್ಯೆಗೆ ತೆರೆದು ಹೆಸರಿಗೆ ತೆರೆಯದಿದ್ದರೆ ಹೆಸರಿನಿಂದ ಐಪಿ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆ, ಅಂದರೆ ಡಿಎನ್‌ಎಸ್, ತಪ್ಪಿದೆ. ಐಪಿ ಸಂಖ್ಯೆಗೂ ತೆರೆಯದೆ 80070035 ಎಂದು ಕೊನೆಯಾಗುವ ದೋಷಸಂಖ್ಯೆ ಬಂದರೆ ಮೊದಲು ‘ಪಿಂಗ್’ ಆದೇಶದಿಂದ ಸರ್ವರ್ ಉತ್ತರಿಸುತ್ತದೆಯೇ ನೋಡಿ. ಪಿಂಗ್ ಹೋಗಿ ಶೇರ್ (ಹಂಚಿದ ಫೋಲ್ಡರ್) ಮಾತ್ರ ತೆರೆಯದಿದ್ದಲ್ಲಿ, ಸರ್ವರಿನ ಫೈರ್‌ವಾಲ್ ಎಸ್‌ಎಂಬಿ ಬಳಸುವ 445ನೆಯ ಪೋರ್ಟನ್ನು (ಸಂಪರ್ಕದ ಬಾಗಿಲನ್ನು) ಮುಚ್ಚಿರಬಹುದು ಅಥವಾ ಸಾಂಬಾ ಸೇವೆ ನಿಂತಿರಬಹುದು. ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಗೆ ಬೇಕಾದ ಪೋರ್ಟ್ 2049. ಪಿಂಗ್ ಕೂಡ ಹೋಗದಿದ್ದರೆ ಕೇಬಲ್ ನೋಡಿ, ಸ್ವಿಚ್ ನೋಡಿ, ನಂತರ ರೂಟರ್ ಸರ್ವರಿಗೆ ಬೇರೆ ಐಪಿ ಕೊಟ್ಟಿದೆಯೇ ಎಂದು ನೋಡಿ. ಈ ಕೊನೆಯದು ಕರೆಂಟ್ ಹೋಗಿ ಬಂದ ಮರುದಿನ ಬೆಳಗ್ಗೆ ಆಗುವ ತೊಂದರೆ. ಸರ್ವರಿಗೆ ಸ್ಥಿರ ಐಪಿ ಕೊಟ್ಟರೆ ಮರುಕಳಿಸುವುದಿಲ್ಲ.

## ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುತ್ತಿಲ್ಲ

ಸಾಂಬಾದ ಪಾಸ್‌ವರ್ಡ್ ಪಟ್ಟಿ ಬೇರೆ, ಲಿನಕ್ಸ್ ಖಾತೆಯ ಪಾಸ್‌ವರ್ಡ್ ಬೇರೆ. ಸರ್ವರಿನಲ್ಲಿ ಹೊಸ ಖಾತೆ ತೆರೆದಾಗ ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ (smbpasswd) ಆದೇಶದಿಂದ ಸಾಂಬಾಗೂ ಸೇರಿಸಿದ್ದೀರಾ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹೊಸದಾಗಿ ಸೇರಿದವರ ದೂರಾದರೆ ಬಹುಪಾಲು ಇಲ್ಲೇ ಮುಗಿಯುತ್ತದೆ.

ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದು ಇಂದು 1219 ಎಂಬ ದೋಷ ಬಂದರೆ, ಆ ವಿಂಡೋಸ್ ಯಂತ್ರವು ಅದೇ ಸರ್ವರಿಗೆ ಬೇರೊಂದು ಬಳಕೆದಾರರ ಹೆಸರಿನಲ್ಲಿ ಈಗಾಗಲೇ ಸಂಪರ್ಕ ಹೊಂದಿದೆ ಎಂದರ್ಥ. ಒಂದು ಸರ್ವರಿಗೆ ಏಕಕಾಲಕ್ಕೆ ಎರಡು ಹೆಸರುಗಳಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕವನ್ನು ಅಳಿಸಿ, ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡನ್ನೂ ತೆಗೆದು, ಮತ್ತೆ ಪ್ರಯತ್ನಿಸಿ.

ಪಾಸ್‌ವರ್ಡೇ ಇಲ್ಲದ ‘ಗೆಸ್ಟ್’ ಶೇರ್ ಇಟ್ಟುಕೊಂಡಿದ್ದ ಸ್ಟುಡಿಯೋಗಳಿಗೆ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಪೆಟ್ಟು ಬಿದ್ದಿದೆ. ಅದರ ಪ್ರೊ ಮಾದರಿಯು ಎಸ್‌ಎಂಬಿ ಸಂದೇಶಗಳಿಗೆ ಸಹಿಯನ್ನು ಕಡ್ಡಾಯ ಮಾಡಿದೆ, ಗೆಸ್ಟ್ ಪ್ರವೇಶವನ್ನು ನಿರಾಕರಿಸುತ್ತದೆ. ಅಪ್‌ಡೇಟ್ ಆದ ಯಂತ್ರಗಳಿಗೆ ಮಾತ್ರ ಶೇರ್ ತೆರೆಯದಿದ್ದರೆ ಕಾರಣ ಇದೇ. ವಿಂಡೋಸ್‌ನ ಈ ಕಟ್ಟನ್ನು ಸಡಿಲಿಸಲು ದಾರಿಗಳಿದ್ದರೂ, ಎಲ್ಲರಿಗೂ ಒಂದೊಂದು ಖಾತೆ ಮಾಡಿಕೊಡುವ ಅರ್ಧ ದಿನದ ಕೆಲಸವೇ ಮೇಲು ಎಂಬುದು ನನ್ನ ಅಭಿಪ್ರಾಯ.

## ತೆರೆಯುತ್ತದೆ, ಆದರೆ ಉಳಿಸಲು ಬಿಡುವುದಿಲ್ಲ

ಮೊದಲು ಜಾಗ ಇದೆಯೇ ನೋಡಿ. ‘ಡಿಎಫ್’ ಆದೇಶ ತೋರಿಸುವ ಅಂಕಿಯ ಜೊತೆಗೆ, ಅದೇ ಆದೇಶವನ್ನು ‘ಐ’ ಆಯ್ಕೆಯೊಂದಿಗೆ ಓಡಿಸಿ ಐನೋಡ್‌ಗಳ (ಪ್ರತಿ ಫೈಲಿನ ವಿವರ ಬರೆದಿಡುವ ದಾಖಲೆಗಳ) ಲೆಕ್ಕವನ್ನೂ ನೋಡಬೇಕು. ಲಿನಕ್ಸ್ ಡಿಸ್ಕುಗಳಿಗೆ ಬಳಸುವ ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡುವಾಗಲೇ ಐನೋಡ್‌ಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ, ಒಂದೊಂದು ಫೈಲಿಗೂ ಒಂದು ಬೇಕು. ಸೆಕೆಂಡಿಗೆ 24 ಚೌಕಟ್ಟಿನಂತೆ 22 ನಿಮಿಷದ ಒಂದು ಕಂತಿಗೆ 31,680 ಚೌಕಟ್ಟುಗಳಾಗುತ್ತವೆ. ನಾಲ್ಕು ಪದರಗಳಲ್ಲಿ ರೆಂಡರ್ ಮಾಡಿದರೆ ಒಂದು ಲಕ್ಷದ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಫೈಲುಗಳು. ಇದರ ಮೇಲೆ ಚಿಕ್ಕ ಚಿಕ್ಕ ಥಂಬ್‌ನೇಲ್‌ಗಳೂ ಕ್ಯಾಶ್ ಫೈಲುಗಳೂ ಸೇರಿದರೆ, ಡಿಸ್ಕಿನಲ್ಲಿ ಜಾಗ ಧಾರಾಳವಾಗಿದ್ದರೂ ‘ಡಿಸ್ಕ್ ಭರ್ತಿ’ ಎಂಬ ಸಂದೇಶ ಬರಬಹುದು.

ಜಾಗವಿದ್ದರೆ ಅನುಮತಿಗಳ ಕಡೆ ಬನ್ನಿ. ವಿಂಡೋಸ್‌ನಿಂದ ಒಬ್ಬರು ಮಾಡಿದ ಫೋಲ್ಡರಿನಲ್ಲಿ ಇನ್ನೊಬ್ಬರಿಗೆ ಬರೆಯಲು ಆಗದಿದ್ದರೆ, ಹೊಸ ಫೋಲ್ಡರುಗಳು ತಂಡದ ಗುಂಪಿಗೆ ಸೇರುತ್ತಿಲ್ಲ ಎಂದರ್ಥ. ಸಾಂಬಾದ ಸೆಟ್ಟಿಂಗಿನಲ್ಲಿ ‘ಫೋರ್ಸ್ ಗ್ರೂಪ್’ಗೆ ತಂಡದ ಗುಂಪಿನ ಹೆಸರು, ‘ಕ್ರಿಯೇಟ್ ಮಾಸ್ಕ್’ಗೆ 0664, ‘ಡೈರೆಕ್ಟರಿ ಮಾಸ್ಕ್’ಗೆ 2775 ಕೊಟ್ಟು, ಲಿನಕ್ಸ್ ಯಂತ್ರಗಳಲ್ಲಿ ಹೊಸ ಫೈಲುಗಳ ಅನುಮತಿಯನ್ನು ನಿರ್ಧರಿಸುವ ‘ಯುಮಾಸ್ಕ್’ 002 ಇರುವಂತೆ ನೋಡಿಕೊಳ್ಳಿ. ಬದಲಾವಣೆಯ ನಂತರ ‘ಟೆಸ್ಟ್‌ಪಾರ್ಮ್’ ಓಡಿಸಿದರೆ ಸೆಟ್ಟಿಂಗ್ ಫೈಲಿನ ಬರವಣಿಗೆಯ ತಪ್ಪುಗಳು ಕಾಣುತ್ತವೆ. ಈಗಾಗಲೇ ಇರುವ ಫೋಲ್ಡರುಗಳಿಗೆ ಈ ಸೆಟ್ಟಿಂಗ್ ತಾನಾಗಿ ಅನ್ವಯಿಸುವುದಿಲ್ಲ, ಅವುಗಳನ್ನು ಕೈಯಾರೆ ಸರಿಪಡಿಸಬೇಕು.

ರೆಂಡರ್ ಯಂತ್ರ ಬರೆದ ಚೌಕಟ್ಟುಗಳನ್ನು ಕಾಂಪೋಸಿಟಿಂಗ್ (ಪದರಗಳ ಜೋಡಣೆ) ಮಾಡುವವರು ಅಳಿಸಲು ಆಗದಿದ್ದರೆ ಗುರುತಿನ ಸಂಖ್ಯೆಯನ್ನು ಪರೀಕ್ಷಿಸಿ. ಸಾಮಾನ್ಯ ಜೋಡಣೆಯಲ್ಲಿ ಎನ್‌ಎಫ್‌ಎಸ್ ಸರ್ವರು ಹೆಸರನ್ನು ನಂಬದೆ ಸಂಖ್ಯೆಯನ್ನು ನಂಬುತ್ತದೆ. ರೆಂಡರ್ ಯಂತ್ರದಲ್ಲಿ 1001 ಎಂಬುದು ‘ರೆಂಡರ್’ ಖಾತೆಯಾಗಿದ್ದು ಸರ್ವರಿನಲ್ಲಿ ಅದೇ 1001 ಬೇರೆ ಯಾರದೋ ಆಗಿದ್ದರೆ, ಫೈಲುಗಳು ಅವರ ಹೆಸರಿಗೆ ಹೋಗುತ್ತವೆ. ಮಾಲೀಕರ ಜಾಗದಲ್ಲಿ ‘ನೋಬಡಿ’ ಎಂದಿದ್ದರೆ ಎರಡು ಸಾಧ್ಯತೆಗಳು: ರೆಂಡರ್ ಕೆಲಸ ಸರ್ವಾಧಿಕಾರದ ರೂಟ್ ಖಾತೆಯಲ್ಲಿ ಓಡಿದೆ, ಅಥವಾ ನಾಲ್ಕನೆಯ ಆವೃತ್ತಿಯಲ್ಲಿ ಎರಡೂ ಕಡೆಯ ಡೊಮೇನ್ ಹೆಸರು ಹೊಂದುತ್ತಿಲ್ಲ.

ಅನುಮತಿಗಳೆಲ್ಲ ಸರಿಯಿದ್ದೂ ಸಾಂಬಾಗೆ ಮಾತ್ರ ನಿರಾಕರಣೆಯಾಗುತ್ತಿದ್ದು, ಸರ್ವರಿನಲ್ಲಿರುವುದು ಫೆಡೋರಾ ಅಥವಾ ರೆಡ್‌ಹ್ಯಾಟ್ ವಂಶದ ಲಿನಕ್ಸ್ ಆಗಿದ್ದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆ ಆ ಫೋಲ್ಡರಿಗೆ ಹಚ್ಚಿರುವ ಲೇಬಲ್ ನೋಡಿ. ಯಾವ ಸಂದರ್ಭದಲ್ಲೂ ಬೇಸತ್ತು ಇಡೀ ಪ್ರಾಜೆಕ್ಟಿಗೆ 777 ಅನುಮತಿ, ಅಂದರೆ ಎಲ್ಲರಿಗೂ ಎಲ್ಲ ಅಧಿಕಾರ, ಕೊಡಬೇಡಿ. ತೊಂದರೆ ಆ ಕ್ಷಣಕ್ಕೆ ಮಾಯವಾಗಬಹುದು, ಆದರೆ ಅದರೊಂದಿಗೆ ಯಾರ ಫೈಲನ್ನು ಯಾರು ಅಳಿಸಬಹುದು ಎಂಬ ಎಲ್ಲ ಕಟ್ಟುಪಾಡೂ ಮಾಯವಾಗುತ್ತದೆ. ಹಿಂದಿನ ಸ್ಥಿತಿಗೆ ತರುವ ಆದೇಶವೂ ಇಲ್ಲ.

## ಒಬ್ಬರಿಗೆ ಕಾಣುವ ಫೈಲು ಇನ್ನೊಬ್ಬರಿಗೆ ಕಾಣುವುದಿಲ್ಲ, ಅಥವಾ ಒಂದೇ ಹೆಸರಿನ ಎರಡು ಫೈಲುಗಳು ಕಾಣುತ್ತವೆ

ಮಿಶ್ರ ನೆಟ್‌ವರ್ಕಿನ ನಿಜವಾದ ಗೋಜಲು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕಾಯುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಲಿನಕ್ಸ್‌ನ ಎನ್‌ಎಫ್‌ಎಸ್ ಗ್ರಾಹಕ ಯಂತ್ರವು ಫೋಲ್ಡರಿನ ವಿವರಗಳನ್ನು ಸಾಮಾನ್ಯವಾಗಿ 30ರಿಂದ 60 ಸೆಕೆಂಡುಗಳವರೆಗೆ ನೆನಪಿನಲ್ಲಿಟ್ಟುಕೊಂಡು ಅದನ್ನೇ ತೋರಿಸುತ್ತದೆ. ಒಂದು ರೆಂಡರ್ ಯಂತ್ರ ಬರೆದ ಫೈಲನ್ನು ಇನ್ನೊಂದು ತಕ್ಷಣ ಹುಡುಕಿ ‘ಇಲ್ಲ’ ಎಂದು ಕೆಲಸ ಕೈಬಿಟ್ಟಿರುತ್ತದೆ. ನೀವು ಹೋಗಿ ನೋಡುವಷ್ಟರಲ್ಲಿ ಫೈಲ್ ಅಲ್ಲೇ ಇರುತ್ತದೆ. ಇದು ದೋಷವಲ್ಲ. ಸರ್ವರಿನ ಫೋಲ್ಡರನ್ನು ಮೌಂಟ್ ಮಾಡುವಾಗ (ಯಂತ್ರಕ್ಕೆ ಜೋಡಿಸುವಾಗ) ‘ಲುಕಪ್‌ಕ್ಯಾಶ್’ ಆಯ್ಕೆಗೆ ‘ಪಾಸಿಟಿವ್’ ಎಂದು ಕೊಟ್ಟರೆ, ‘ಇಲ್ಲ’ ಎಂಬ ಉತ್ತರವನ್ನು ಯಂತ್ರ ನೆನಪಿಟ್ಟುಕೊಳ್ಳುವುದಿಲ್ಲ. ರೆಂಡರ್ ನಿರ್ವಾಹಕ ತಂತ್ರಾಂಶದಲ್ಲಿ ಮರುಪ್ರಯತ್ನದ ಸಂಖ್ಯೆಯನ್ನು ಹೆಚ್ಚಿಸಿದರೂ ಸಾಕಾಗುತ್ತದೆ.

ಒಂದು ನಿಮಿಷದ ನಂತರವೂ ಕಾಣದಿದ್ದರೆ ದೊಡ್ಡ-ಸಣ್ಣ ಅಕ್ಷರಗಳನ್ನು ನೋಡಿ. ಇಂಗ್ಲಿಷಿನ ದೊಡ್ಡಕ್ಷರದ ‘ಬಿಜಿ’ ಮತ್ತು ಸಣ್ಣಕ್ಷರದ ‘ಬಿಜಿ’ ಲಿನಕ್ಸ್‌ಗೆ ಎರಡು ಬೇರೆ ಹೆಸರುಗಳು, ವಿಂಡೋಸ್‌ಗೆ ಒಂದೇ. ಅನಿಮೇಟರ್ ಸಣ್ಣಕ್ಷರದಲ್ಲಿ ದಾರಿ ಬರೆದ ದೃಶ್ಯ ತನ್ನ ಯಂತ್ರದಲ್ಲಿ ಚೆನ್ನಾಗಿ ತೆರೆಯುತ್ತದೆ, ರೆಂಡರ್ ಯಂತ್ರದಲ್ಲಿ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಇಲ್ಲದೆ ಹೊರಬರುತ್ತದೆ. ಎಲ್ಲ ಹೆಸರುಗಳೂ ಸಣ್ಣಕ್ಷರದಲ್ಲಿರಲಿ ಎಂಬ ನಿಯಮವನ್ನು ಗೋಡೆಗೆ ಅಂಟಿಸುವುದಕ್ಕಿಂತ ಅಗ್ಗದ ಪರಿಹಾರ ನನಗೆ ಗೊತ್ತಿಲ್ಲ.

ವಿಂಡೋಸ್‌ನಲ್ಲಿ ಟಿಲ್ಡೆ ಚಿಹ್ನೆಯಿರುವ ಎಂಟಕ್ಷರದ ವಿಚಿತ್ರ ಹೆಸರೊಂದು ಕಂಡರೆ, ಮ್ಯಾಕ್ ಅಥವಾ ಲಿನಕ್ಸ್‌ನಿಂದ ಯಾರೋ ವಿಂಡೋಸ್ ಒಪ್ಪದ ಹೆಸರಿಟ್ಟಿದ್ದಾರೆ. ಪ್ರಶ್ನಾರ್ಥಕ, ನಕ್ಷತ್ರ, ವಿವರಣಾ ಚಿಹ್ನೆ, ಹೆಸರಿನ ಕೊನೆಯಲ್ಲಿ ಚುಕ್ಕೆ ಅಥವಾ ಖಾಲಿ ಜಾಗ ಇವು ಯಾವುವೂ ವಿಂಡೋಸ್‌ಗೆ ಆಗುವುದಿಲ್ಲ. ಕೊನೆಯ ಖಾಲಿ ಜಾಗ ಕಣ್ಣಿಗೆ ಬೀಳದ್ದರಿಂದ ಹೆಚ್ಚು ಕಾಡುತ್ತದೆ. ಮ್ಯಾಕ್‌ಗಳಿರುವ ಕಡೆ ಸಾಂಬಾದಲ್ಲಿ ‘ಕಾಟಿಯಾ’, ‘ಫ್ರೂಟ್’, ‘ಸ್ಟ್ರೀಮ್ಸ್‌ಎಕ್ಸ್ಆಟರ್’ ಎಂಬ ಮೂರು ಮಾಡ್ಯೂಲುಗಳನ್ನು ಸೇರಿಸಿದರೆ ಇದರಲ್ಲಿ ಬಹಳಷ್ಟು ತಿಳಿಯಾಗುತ್ತದೆ. ಇಡೀ ದಾರಿಯ ಉದ್ದ 260 ಅಕ್ಷರ ದಾಟಿದರೂ ವಿಂಡೋಸ್‌ನ ಹಲವು ತಂತ್ರಾಂಶಗಳು ಫೈಲನ್ನು ತೆರೆಯುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಮಾಡುವ ಅಭ್ಯಾಸವಿರುವವರಿಗೆ ಇದನ್ನು ಹೇಳಿಡಿ.

ಕನ್ನಡದಲ್ಲಿ ಫೈಲಿನ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ. ‘ಕೋಟೆ’ ಎಂಬ ಹೆಸರಿನ ಎರಡು ಫೋಲ್ಡರುಗಳು ಒಂದರ ಕೆಳಗೊಂದು ಕಾಣಿಸುತ್ತವೆ, ಕಾಗುಣಿತದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಆದರೆ ಒಂದರಲ್ಲಿ ಫೈಲುಗಳಿವೆ, ಇನ್ನೊಂದು ಖಾಲಿ. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓತ್ವ-ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಎಂಬ ಮೂರು ಸಂಕೇತಗಳಾಗಿ ಒಡೆದೂ ಬರೆಯಬಹುದು. ಕೀ, ಕೇ, ಕೈ, ಕೊ ಅಕ್ಷರಗಳದ್ದೂ ಇದೇ ಕಥೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಡಿಸ್ಕ್ ಹೆಸರುಗಳನ್ನು ಒಡೆದೇ ಇಟ್ಟುಕೊಳ್ಳುತ್ತದೆ. ಅಂಥ ಡಿಸ್ಕಿನಿಂದ ಜಿಪ್ ಮಾಡಿಯೋ ‘ಆರ್‌ಸಿಂಕ್’ ಎಂಬ ಕಾಪಿ ಸಾಧನದಿಂದಲೋ ಸರ್ವರಿಗೆ ತಂದರೆ ಒಡೆದ ರೂಪವೇ ಬರುತ್ತದೆ, ಲಿನಕ್ಸ್ ಅದನ್ನು ಬೇರೆ ಹೆಸರೆಂದೇ ಎಣಿಸುತ್ತದೆ. ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಕೂಡಿದ ರೂಪದ ‘ಕೋಟೆ’ಗೆ 12 ಬೈಟ್, ಒಡೆದ ರೂಪಕ್ಕೆ 18. ‘ಎಲ್‌ಎಸ್’ನ ಫಲಿತಾಂಶವನ್ನು ಬೈಟ್ ಎಣಿಸುವ ‘ಡಬ್ಲ್ಯುಸಿ’ಗೆ ಕೊಟ್ಟರೆ ಈ ವ್ಯತ್ಯಾಸ ಗೊತ್ತಾಗುತ್ತದೆ, ‘ಕಾನ್‌ವಿಎಂವಿ’ ಎಂಬ ಸಾಧನ ಹೆಸರುಗಳನ್ನೆಲ್ಲ ಕೂಡಿದ ರೂಪಕ್ಕೆ ತರುತ್ತದೆ. ಲಿನಕ್ಸ್‌ನಲ್ಲಿ ಒಂದು ಹೆಸರಿನ ಮಿತಿ 255 ಬೈಟ್ ಆದ್ದರಿಂದ ಕನ್ನಡದಲ್ಲಿ 85 ಸಂಕೇತಗಳಿಗಿಂತ ಉದ್ದದ ಹೆಸರಿಡಲಾಗದು ಎಂಬುದನ್ನೂ ನೆನಪಿಡಿ. ನನ್ನ ಭಾಷೆಯ ಹೆಸರುಗಳ ಮೇಲೆ ನನಗೆ ಪ್ರೀತಿಯಿದೆ. ಆದರೂ ಪ್ರೊಡಕ್ಷನ್ ಫೋಲ್ಡರುಗಳಲ್ಲಿ ದೃಶ್ಯದ ಸಂಖ್ಯೆಯನ್ನೇ ಹೆಸರಾಗಿಸಿ, ಕನ್ನಡ ಹೆಸರನ್ನು ಪಟ್ಟಿಯಲ್ಲಿ ಬರೆದಿಡುವುದು ಕ್ಷೇಮ.

## ನನ್ನ ಯಂತ್ರದಲ್ಲಿ ಸರಿ, ರೆಂಡರಿನಲ್ಲಿ ಮಾತ್ರ ಟೆಕ್ಸ್ಚರ್ ಮಾಯ

ಅಕ್ಷರಗಳ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ದಾರಿಯನ್ನು ನೋಡಿ. ವಿಂಡೋಸ್‌ನಲ್ಲಿ ‘ಝಡ್’ ಡ್ರೈವಿನಲ್ಲಿರುವುದು ಮ್ಯಾಕ್‌ನಲ್ಲಿ ‘ವಾಲ್ಯೂಮ್ಸ್’ ಫೋಲ್ಡರಿನೊಳಗೆ, ಲಿನಕ್ಸ್‌ನಲ್ಲಿ ‘ಎಂಎನ್‌ಟಿ’ಯ ಒಳಗೆ ಇರುತ್ತದೆ. ಬ್ಲೆಂಡರಿನಲ್ಲಿ ಎರಡು ಮುಂಬಾರೆ ಗೆರೆಗಳಿಂದ (//) ಆರಂಭವಾಗುವ ಸಾಪೇಕ್ಷ ದಾರಿಯನ್ನು, ಅಂದರೆ ದೃಶ್ಯದ ಫೈಲಿರುವ ಜಾಗದಿಂದಲೇ ಎಣಿಸುವ ದಾರಿಯನ್ನು, ಬಳಸಿದರೆ ಈ ತೊಂದರೆಯೇ ಇಲ್ಲ. ಮಾಯಾದಲ್ಲಿ ‘ಡರ್‌ಮ್ಯಾಪ್’ ಆದೇಶದಿಂದ ದಾರಿಗಳನ್ನು ಬದಲಿಸಿ ಓದಿಸಬಹುದು.

ಎಡಿಟಿಂಗ್ ಮ್ಯಾಕ್‌ನಲ್ಲಿ ಒಮ್ಮೆ ಎಲ್ಲ ಕ್ಲಿಪ್‌ಗಳೂ ಕೆಂಪಾಗಿ ‘ಆಫ್‌ಲೈನ್’ ಎಂದು ನಿಂತುಬಿಟ್ಟಿದ್ದವು. ಸರ್ವರಿನ ಸಂಪರ್ಕ ಸರಿಯಾಗಿ ಬಿಡುಗಡೆಯಾಗದೆ ಎರಡನೆಯ ಬಾರಿ ಜೋಡಿಸಿದ್ದರಿಂದ ಮ್ಯಾಕ್ ಅದನ್ನು ‘ಪ್ರಾಜೆಕ್ಟ್ಸ್-1’ ಎಂಬ ಹೊಸ ಹೆಸರಿನಲ್ಲಿ ತೆರೆದಿತ್ತು. ಎರಡನ್ನೂ ಎಜೆಕ್ಟ್ ಮಾಡಿ, ‘ವಾಲ್ಯೂಮ್ಸ್’ ಒಳಗೆ ಹಳೆಯ ಹೆಸರು ಉಳಿದಿಲ್ಲವೆಂದು ನೋಡಿಕೊಂಡು, ಮತ್ತೆ ಒಮ್ಮೆ ಜೋಡಿಸಿದಾಗ ಎಲ್ಲ ಹಿಂತಿರುಗಿದವು.

ರೆಂಡರ್ ಯಂತ್ರವೂ ವಿಂಡೋಸ್ ಆಗಿದ್ದು, ಕೈಯಾರೆ ಓಡಿಸಿದಾಗ ಸರಿಯಾಗಿ ಬಂದು ಸೇವೆಯಾಗಿ ಓಡಿಸಿದಾಗ ಮಾತ್ರ ಫೈಲ್ ಸಿಗದಿದ್ದರೆ, ಸೇವೆಗಳಿಗೆ ನಿಮ್ಮ ‘ಝಡ್’ ಡ್ರೈವ್ ಕಾಣುವುದಿಲ್ಲ ಎಂಬುದೇ ಕಾರಣ. ಡ್ರೈವಿನ ಅಕ್ಷರದ ಬದಲು ಸರ್ವರಿನ ಹೆಸರಿರುವ ಪೂರ್ಣ ದಾರಿಯನ್ನು ಕೊಟ್ಟು, ಸೇವೆಯನ್ನು ಸರ್ವರಿಗೆ ಪ್ರವೇಶವಿರುವ ಖಾತೆಯಲ್ಲಿ ಓಡಿಸಿ.

## ಎಲ್ಲವೂ ನಿಧಾನ

ಒಂದು ದೊಡ್ಡ ಫೈಲನ್ನು ಕಾಪಿ ಮಾಡಿ ವೇಗ ನೋಡಿ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಮೆಗಾಬೈಟಿನ ಆಸುಪಾಸು ಬಂದರೆ ಜಾಲ ಆರೋಗ್ಯವಾಗಿದೆ. 11ರ ಆಸುಪಾಸಿನಲ್ಲಿ ನಿಂತಿದ್ದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡು ಸಾಕು. ಆದ್ದರಿಂದ ಉಳಿದೆರಡು ಜೋಡಿಗಳಲ್ಲಿ ಒಂದು ತಂತಿ ತುಂಡಾದರೂ ಸಂಪರ್ಕ ತಪ್ಪದೆ ಕುಂಟುತ್ತಾ ನಡೆಯಬಹುದು. ಒಬ್ಬ ಅನಿಮೇಟರ್ ವಾರವಿಡೀ ಸರ್ವರನ್ನು ಶಪಿಸಿದ ಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದರೆ, ಅವರದೇ ಕುರ್ಚಿಯ ಚಕ್ರ ಕೇಬಲಿನ ಮೇಲೆ ಓಡಾಡಿ ಅದನ್ನು ರಿಬ್ಬನ್ನಿನಂತೆ ಚಪ್ಪಟೆ ಮಾಡಿತ್ತು.

ದೊಡ್ಡ ಫೈಲ್ ವೇಗವಾಗಿ ಹೋಗಿ ಚೌಕಟ್ಟುಗಳ ಫೋಲ್ಡರ್ ಮಾತ್ರ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಜಾಲದ ತಪ್ಪಿಲ್ಲ. ದೊಡ್ಡ-ಸಣ್ಣ ಅಕ್ಷರಗಳ ಭೇದವಿಲ್ಲದೆ ಹುಡುಕಿಕೊಡಲು ಸಾಂಬಾ ಇಡೀ ಫೋಲ್ಡರನ್ನು ಓದಬೇಕಾಗುತ್ತದೆ, ಹತ್ತಾರು ಸಾವಿರ ಫೈಲುಗಳಿದ್ದಲ್ಲಿ ಪ್ರತಿ ಹೊಸ ಫೈಲಿಗೂ ಇದೇ ಪಾಡು. ಷಾಟ್‌ಗೊಂದು, ಪದರಕ್ಕೊಂದು ಫೋಲ್ಡರ್ ಮಾಡಿ.

ಲಾಗಿನ್ ಆಗುತ್ತದೆ, ಪಟ್ಟಿ ಕಾಣುತ್ತದೆ, ಆದರೆ ದೊಡ್ಡ ಫೈಲಿನ ಕಾಪಿ ಆರಂಭವಾದೊಡನೆ ಹೆಪ್ಪುಗಟ್ಟುತ್ತದೆ ಎಂದರೆ ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ದತ್ತಾಂಶದ ಪೊಟ್ಟಣ) ಶಂಕಿಸಿ. ಸರ್ವರಿನಲ್ಲಿ ಎಂಟಿಯು, ಅಂದರೆ ಪೊಟ್ಟಣದ ಗರಿಷ್ಠ ಗಾತ್ರ, 9000 ಬೈಟ್ ಇದ್ದು ನಡುವಿನ ಸ್ವಿಚ್ ಅಷ್ಟು ದೊಡ್ಡ ಪೊಟ್ಟಣವನ್ನು ಒಪ್ಪದಿದ್ದರೆ ಹೀಗಾಗುತ್ತದೆ. ತುಂಡು ಮಾಡಬಾರದೆಂಬ ಸೂಚನೆಯೊಂದಿಗೆ 8972 ಬೈಟಿನ ಪಿಂಗ್ ಕಳಿಸಿ. ಅದು ಹೋಗದಿದ್ದರೆ ಎಲ್ಲೆಡೆ 1500ಕ್ಕೆ ಮರಳಿಸಿ.

ಮತ್ತೆ ಕೆಲವು ‘ನಿಧಾನ’ಗಳು ದೋಷವೇ ಅಲ್ಲ. ಪೂರ್ಣ ಎಚ್‌ಡಿಯ 10 ಬಿಟ್ ಡಿಪಿಎಕ್ಸ್ (ಸಂಕುಚಿಸದ ಚಿತ್ರ ಮಾದರಿ) ಚೌಕಟ್ಟೊಂದು ಸುಮಾರು 8.3 ಮೆಗಾಬೈಟ್ ತೂಗುತ್ತದೆ. ಅಂಥ 24 ಚೌಕಟ್ಟುಗಳಿಗೆ ಸೆಕೆಂಡಿಗೆ ಸುಮಾರು 199 ಮೆಗಾಬೈಟ್ ಬೇಕು, ಗಿಗಾಬಿಟ್ ಕೇಬಲ್ ಅದನ್ನು ಹೊರಲಾರದು. ಪ್ರಾಕ್ಸಿ (ಎಡಿಟಿಂಗಿಗೆಂದು ಮಾಡುವ ಹಗುರ ಪ್ರತಿ) ಮಾಡಿಕೊಳ್ಳಿ, ಇಲ್ಲವೇ ಎಡಿಟಿಂಗ್ ಮೇಜಿಗೆ 10 ಗಿಗಾಬಿಟ್ ಹಾಕಿಸಿ.

## ಕೈ ತೆಗೆದು ಪರಿಣತರನ್ನು ಕರೆಯಬೇಕಾದ ಲಕ್ಷಣಗಳು

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿದ ವ್ಯವಸ್ಥೆ) ಸ್ಥಿತಿಯ ಸಾಲಿನಲ್ಲಿ ‘ಯು’ ಅಕ್ಷರಗಳ ನಡುವೆ ಅಡಿಗೆರೆ ಕಂಡರೆ, ಡಿಸ್ಕಿನ ಆರೋಗ್ಯ ತಿಳಿಸುವ ‘ಸ್ಮಾರ್ಟ್‌ಸಿಟಿಎಲ್’ ವರದಿಯಲ್ಲಿ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಕೆಲಸ ನಿಲ್ಲಿಸಿ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋಗಿದ್ದಾಗ ಎರಡನೆಯದೂ ಹೋದರೆ ಎಲ್ಲವೂ ಹೋದಂತೆ, ಹೊಸ ಡಿಸ್ಕ್ ಹಾಕಿ ಮರುಕಟ್ಟುವ ಹೊತ್ತಿನಲ್ಲಿ ಉಳಿದ ಹಳೆಯ ಡಿಸ್ಕುಗಳ ಮೇಲೆ ಭಾರೀ ಒತ್ತಡ ಬೀಳುತ್ತದೆ. ಆದ್ದರಿಂದ ಮೊದಲು ಬೇರೆ ಕಡೆಗೆ ಬ್ಯಾಕಪ್, ಆಮೇಲೆ ಮರುಕಟ್ಟುವಿಕೆ. ಮೌಂಟ್ ಆಗಿರುವ ಡಿಸ್ಕಿನ ಮೇಲೆ ಡಿಸ್ಕ್ ದುರಸ್ತಿ ಆದೇಶವಾದ ‘ಎಫ್‌ಎಸ್‌ಸಿಕೆ’ ಓಡಿಸಬೇಡಿ. ಬ್ಯಾಕಪ್ ಇಲ್ಲದ ಸ್ಥಿತಿಯಲ್ಲಿ ಸರ್ವರನ್ನು ಆಫ್ ಮಾಡಿ, ದತ್ತಾಂಶ ಮರಳಿ ಪಡೆಯುವವರನ್ನು ಕರೆಯಿರಿ.

ಸರ್ವರಿನ ಲೋಹದ ಕವಚ ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ತಪ್ಪಿದೆ. ಕಂಪ್ಯೂಟರಿನವರನ್ನು ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಯುಪಿಎಸ್ ಅನ್ನು ಪ್ಲಗ್ ಕಿತ್ತ ಮೇಲೂ ಬಿಚ್ಚಬೇಡಿ, ಬ್ಯಾಟರಿ ಮತ್ತು ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆಂದು ರೂಟರಿನಲ್ಲಿ 445ನೆಯ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯಬೇಡಿ, ವಿಪಿಎನ್ ಬಳಸಿ.

ಫೈಲುಗಳ ಹೆಸರಿನ ಕೊನೆಗೆ ಗುರುತಿಲ್ಲದ ಅಕ್ಷರಗಳು ಸೇರುತ್ತಾ, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಪಠ್ಯದ ಫೈಲೊಂದು ಹುಟ್ಟುತ್ತಿದ್ದರೆ ಅದು ರ‍್ಯಾನ್ಸಮ್‌ವೇರ್. ಸರ್ವರಿನ ನೆಟ್‌ವರ್ಕ್ ಕೇಬಲನ್ನು ಕೂಡಲೇ ಕೀಳಿ, ರೀಸ್ಟಾರ್ಟ್ ಮಾಡಬೇಡಿ, ಬ್ಯಾಕಪ್ ಡಿಸ್ಕನ್ನು ಜೋಡಿಸಬೇಡಿ. ‘ಎಸ್‌ಎಂಬಿಸ್ಟೇಟಸ್’ನ ಪಟ್ಟಿಯಲ್ಲೋ ಸಾಂಬಾದ ಲಾಗ್‌ನಲ್ಲೋ ಆ ಫೈಲುಗಳನ್ನು ಬರೆಯುತ್ತಿದ್ದ ಯಂತ್ರದ ಐಪಿ ಸಿಗಬಹುದು, ಅದನ್ನೂ ಜಾಲದಿಂದ ಬೇರ್ಪಡಿಸಿ. 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಭಾರತ ಸರ್ಕಾರದ ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಹಣ ವಂಚನೆಯೂ ಆಗಿದ್ದರೆ 1930 ಸಹಾಯವಾಣಿಗೂ ಕರೆ ಮಾಡಿ. ಫೋಟೋ ತೆಗೆದಿಟ್ಟುಕೊಂಡ ಸಂದೇಶಗಳೂ, ಯಾವ ಯಂತ್ರದಲ್ಲಿ ಎಷ್ಟು ಗಂಟೆಗೆ ಮೊದಲು ಕಂಡಿತೆಂಬ ಟಿಪ್ಪಣಿಯೂ ಆಗ ಕೈಯಲ್ಲಿರಬೇಕು.